ಬೆಳ್ಳಿ ನೀರಿನ ಮೀಟರು ಎಣಿಸಿದ್ದೇನು?

ಬೆಳ್ಳಿಗೂ ಆರೋಗ್ಯಕ್ಕೂ ಗಂಟು ಹಾಕುವ ನಂಬಿಕೆ ಬಹಳ ಹಳೆಯದು. ಎಳೆಗೂಸಿಗೆ ಹಾಲು ಕುಡಿಸುವ ಒಳಲೆ ಬೆಳ್ಳಿಯದಾದರೆ ಒಳ್ಳೆಯದು ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಇಂಥ ನಂಬಿಕೆ ಬೇರೆ ನಾಡುಗಳಲ್ಲೂ ಇದೆ. 1990ರ ದಶಕದ ಅಮೆರಿಕದಲ್ಲಿ ಮಾತ್ರ ಅದು ಹೊಸದೊಂದು ರೂಪ ತಾಳಿತು. ಜನ ಬ್ಯಾಟರಿಗೆ ಬೆಳ್ಳಿ ತಂತಿ ಜೋಡಿಸಿ, ಅದನ್ನು ಡಿಸ್ಟಿಲ್ಡ್ ವಾಟರ್ ತುಂಬಿದ ಲೋಟದಲ್ಲಿ ಇಳಿಬಿಟ್ಟು, ಮನೆಯಲ್ಲೇ 'ಕಲಿಲ ಬೆಳ್ಳಿ' ತಯಾರಿಸಿ ಕುಡಿಯತೊಡಗಿದರು. ಶೀತದಿಂದ ಹಿಡಿದು ಕ್ಯಾನ್ಸರ್‌ವರೆಗೆ ಎಲ್ಲಕ್ಕೂ ಇದು ಮದ್ದು ಎಂಬ ಪ್ರಚಾರ ಅದರ ಹಿಂದಿತ್ತು.

ನೀರಿನಲ್ಲಿ ಎಷ್ಟು ಬೆಳ್ಳಿ ಸೇರಿದೆ ಎಂದು ತಿಳಿಯಲು ಅವರು ನೆಚ್ಚಿಕೊಂಡದ್ದು ಪೆನ್ನಿನಷ್ಟು ಉದ್ದದ ಒಂದು ಮೀಟರನ್ನು. ನಮ್ಮಲ್ಲಿ ಆರ್‌ಓ ಯಂತ್ರ ಮಾರುವವರು ನಲ್ಲಿ ನೀರಿಗೆ ಅದ್ದಿ ತೋರಿಸುವ ಟಿಡಿಎಸ್ ಮೀಟರಿನ ಜಾತಿಯದೇ ಅದು. ಅದು ತೋರಿಸಿದ ಅಂಕಿಗಳು ತಯಾರಿಸಿದವರನ್ನೇ ಗೊಂದಲಕ್ಕೆ ಕೆಡವಿದವು. ಬೆಳ್ಳಿ ಹಾಕುವ ಮೊದಲೇ ಅಂಕಿ ಸೊನ್ನೆಯಲ್ಲಿ ಇರುತ್ತಿರಲಿಲ್ಲ. ವಿದ್ಯುತ್ ಹರಿಯುತ್ತಲೇ ಇದ್ದರೂ ಒಂದು ಹಂತದ ನಂತರ ಅಂಕಿ ಏರುತ್ತಿರಲಿಲ್ಲ. ರಾತ್ರಿ ತೋರಿಸಿದ ಅಂಕಿ ಬೆಳಗಾಗುವುದರೊಳಗೆ ಇಳಿದಿರುತ್ತಿತ್ತು. ಚಿಟಿಕೆ ಉಪ್ಪು ಬಿದ್ದರೆ ಅಂಕಿ ಗಗನಕ್ಕೇರುತ್ತಿತ್ತು. ನಿಜವಾದ ಬೆಳ್ಳಿಕಣಗಳಿರುವ ಹಳದಿ ದ್ರಾವಣಕ್ಕೆ ಅದ್ದಿದರೆ ಅದೇ ಮೀಟರು ಹೆಚ್ಚುಕಡಿಮೆ ಸುಮ್ಮನಿರುತ್ತಿತ್ತು.

ಮೀಟರು ಕೆಟ್ಟಿದೆ ಎಂದು ಹಲವರು ಭಾವಿಸುವುದು ಸಹಜ. ಆದರೆ ಮೀಟರು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಅದರ ಕೆಲಸ ಬೆಳ್ಳಿಯನ್ನು ಎಣಿಸುವುದಾಗಿರಲಿಲ್ಲ, ಅಷ್ಟೆ. ಈ ವ್ಯತ್ಯಾಸ ವಿಜ್ಞಾನಿಗಳಿಗೆ ನೂರು ವರ್ಷಗಳ ಹಿಂದೆಯೇ ಗೊತ್ತಿತ್ತು ಎಂಬುದು ಈ ಕಥೆಯ ಸ್ವಾರಸ್ಯ.

ಅಂಟಿನಿಂದ ಬಂದ ಹೆಸರು

ಲೋಹವನ್ನು ನೀರಿನಲ್ಲಿ ತೇಲಿಸುವ ಪ್ರಯತ್ನಕ್ಕೆ ಭದ್ರ ತಳಹದಿ ಹಾಕಿದವನು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಚಿನ್ನದ ಮೇಲೆ ಪ್ರಯೋಗ ನಡೆಸುತ್ತಿದ್ದ ಅವನಿಗೆ ಮಾಣಿಕ್ಯದಂಥ ಕೆಂಪು ದ್ರವ ದೊರೆಯಿತು. ಅದು ಮಾಮೂಲಿ ದ್ರಾವಣವಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ನೀರಿನಲ್ಲಿ ಹರಡಿಕೊಂಡಿವೆ ಎಂದು 1857ರಲ್ಲಿ ಅವನು ವಾದಿಸಿದ. ದ್ರವದೊಳಗೆ ಬೆಳಕಿನ ಕೋಲೊಂದನ್ನು ಹಾಯಿಸಿದರೆ ಅದರ ದಾರಿ ಮಸುಕಾಗಿ ಕಾಣುತ್ತಿತ್ತು. ಕಿಟಕಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ದೂಳು ಕಂಡಂತೆಯೇ ಇದು. ಫ್ಯಾರಡೆ ತಯಾರಿಸಿದ ಕೆಲವು ಸೀಸೆಗಳು ಇಂದಿಗೂ ಆ ಸಂಸ್ಥೆಯಲ್ಲಿವೆ.

ಇಂಥ ವಸ್ತುಗಳಿಗೆ ಹೆಸರಿಟ್ಟವನು ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ಥಾಮಸ್ ಗ್ರಹಾಂ. ಅಂಟು ಎಂಬ ಅರ್ಥದ ಗ್ರೀಕ್ ಪದದಿಂದ 1861ರಲ್ಲಿ ಅವನು 'ಕೊಲಾಯ್ಡ್' ಎಂಬ ಶಬ್ದವನ್ನು ರೂಪಿಸಿದ. ಕನ್ನಡದ ಪಠ್ಯಪುಸ್ತಕಗಳಲ್ಲಿ ಅದು 'ಕಲಿಲ' ಆಗಿದೆ. ಬ್ರಿಟಿಷ್ ಸರ್ಕಾರದ ನಾಣ್ಯ ಟಂಕಸಾಲೆಯ ಮುಖ್ಯಸ್ಥನೂ ಆಗಿದ್ದ ಗ್ರಹಾಂ ಒಂದು ಸರಳ ಪರೀಕ್ಷೆಯನ್ನು ಕಂಡುಹಿಡಿದ. ದ್ರಾವಣವನ್ನು ಚರ್ಮಕಾಗದದ ತೆಳು ಪೊರೆಯ ಒಂದು ಬದಿಗೆ ಹಾಕಿ, ಇನ್ನೊಂದು ಬದಿಗೆ ಶುದ್ಧ ನೀರನ್ನಿಟ್ಟರೆ ಉಪ್ಪು, ಸಕ್ಕರೆಗಳು ಪೊರೆಯನ್ನು ದಾಟಿ ಬರುತ್ತವೆ. ಕಲಿಲದ ಕಣಗಳು ದಾಟಲಾರದೆ ಹಿಂದೆಯೇ ಉಳಿಯುತ್ತವೆ. ಕರಗಿದ್ದು ಯಾವುದು, ತೇಲುತ್ತಿರುವುದು ಯಾವುದು ಎಂದು ಬೇರ್ಪಡಿಸಲು ಈ ಪರೀಕ್ಷೆ ಸಾಕಿತ್ತು. ಬೆಳ್ಳಿ ನೀರಿನ ವಿಚಾರದಲ್ಲಿ ಕೇಳಬೇಕಾಗಿದ್ದ ಮೊದಲ ಪ್ರಶ್ನೆಯೂ ಇದೇ.

ಬೆಳ್ಳಿಯ ಸರದಿ ಬಂದದ್ದು 1889ರಲ್ಲಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೇರಿ ಲೀ ಎಂಬ ರಸಾಯನವಿಜ್ಞಾನಿ ಬೆಳ್ಳಿಯ ಲವಣದಿಂದ ನೀರಿನಲ್ಲಿ ಹರಡಿಕೊಳ್ಳುವ ಬೆಳ್ಳಿಯನ್ನು ಪಡೆದ. ಇದು ಬೆಳ್ಳಿಯದೇ ಮತ್ತೊಂದು ಅವತಾರ ಎಂದು ಅವನು ಭಾವಿಸಿದ್ದ. ಒಂಬತ್ತು ವರ್ಷಗಳ ನಂತರ, 1898ರಲ್ಲಿ, ಜರ್ಮನಿಯ ಗೇಯೊರ್ಗ್ ಬ್ರೆಡಿಗ್ ರಸಾಯನಗಳ ಸಹವಾಸವನ್ನೇ ಬಿಟ್ಟ. ನೀರಿನೊಳಗೆ ಎರಡು ಲೋಹದ ತಂತಿಗಳ ನಡುವೆ ವಿದ್ಯುತ್ ಕಿಡಿ ಹಾರಿಸಿದ. ಕಿಡಿಯ ಬಿಸಿಗೆ ಲೋಹ ಆವಿಯಾಗಿ, ನೀರಿನಲ್ಲಿ ತಣಿದು ಸೂಕ್ಷ್ಮ ಕಣಗಳಾಯಿತು.

ಬ್ರೆಡಿಗ್‌ನ ವಿಧಾನವೂ ನೂರು ವರ್ಷಗಳ ನಂತರದ ಅಡುಗೆಮನೆಯ ವಿಧಾನವೂ ನೋಡುವವರಿಗೆ ಒಂದೇ ತರಹ. ಎರಡರಲ್ಲೂ ನೀರು, ಎರಡು ತಂತಿ, ವಿದ್ಯುತ್. ಆದರೆ ಬ್ರೆಡಿಗ್‌ನಲ್ಲಿ ಕೆಲಸ ಮಾಡಿದ್ದು ಕಿಡಿಯ ಶಾಖ. ಬ್ಯಾಟರಿಯ ಸಣ್ಣ ಒತ್ತಡದಲ್ಲಿ ಕಿಡಿ ಹಾರುವುದಿಲ್ಲ. ಅಲ್ಲಿ ನಡೆಯುವುದು ವಿದ್ಯುದ್ವಿಭಜನೆ. ಧನಾಗ್ರದ ತಂತಿಯಲ್ಲಿರುವ ಬೆಳ್ಳಿಯ ಪರಮಾಣು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು, ವಿದ್ಯುದಾವೇಶವುಳ್ಳ ಅಯಾನು ಆಗಿ ನೀರಿಗೆ ಇಳಿಯುತ್ತದೆ. ಅಂದರೆ ಅಡುಗೆಮನೆಯಲ್ಲಿ ತಯಾರಾಗುತ್ತಿದ್ದುದು ಬಹುಪಾಲು ಕರಗಿದ ಬೆಳ್ಳಿ. 'ಕಲಿಲ' ಎಂಬ ಹೆಸರಿಗೆ ತಕ್ಕ ಕಣಗಳು ಅದರಲ್ಲಿ ಇದ್ದರೂ ಅವುಗಳ ಪಾಲು ಸಣ್ಣದು.

ನೀರಿನ ದನಿ ಕೇಳಿದ ಟೆಲಿಫೋನು

ಕರಗಿದ ವಸ್ತುವನ್ನು ವಿದ್ಯುತ್ತಿನಿಂದ ಅಳೆಯುವ ವಿದ್ಯೆಗೆ ಶಿಸ್ತು ತಂದವನು ಜರ್ಮನಿಯ ಫ್ರೀಡ್ರಿಕ್ ಕೋಲ್‌ರಾಷ್. ನೇರ ವಿದ್ಯುತ್ ಹರಿಸಿದರೆ ತಂತಿಗಳ ಬಳಿ ಅನಿಲ ಸೇರಿ, ಲೋಹ ಕೂತು ಅಳತೆ ಕೆಡುತ್ತದೆ. ಆದ್ದರಿಂದ ಅವನು ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್ತನ್ನು ಬಳಸಿದ. ಆಗತಾನೆ ಬಂದಿದ್ದ ಟೆಲಿಫೋನನ್ನು ಅಳತೆಯ ಸಾಧನವಾಗಿ ಮಾಡಿಕೊಂಡ. ಮಂಡಲ ಸಮತೋಲಕ್ಕೆ ಬಂದಾಗ ಕಿವಿಗೆ ಹಿಡಿದ ಟೆಲಿಫೋನಿನ ಗುಂಯ್‌ಗುಡುವಿಕೆ ಅಡಗುತ್ತಿತ್ತು. ಆ ಮೌನವೇ ಅಳತೆಯ ಗುರುತು.

ಹೀಗೆ ಒಂದೊಂದೇ ಲವಣವನ್ನು ಅಳೆದ ಕೋಲ್‌ರಾಷ್ 1870ರ ದಶಕದಲ್ಲಿ ಒಂದು ನಿಯಮವನ್ನು ಮುಂದಿಟ್ಟ. ತೀರ ತೆಳುವಾದ ದ್ರಾವಣದಲ್ಲಿ ಪ್ರತಿ ಅಯಾನೂ ತನ್ನ ಪಾಡಿಗೆ ತಾನು ಚಲಿಸುತ್ತದೆ. ಒಟ್ಟು ವಾಹಕತೆ ಎಂಬುದು ಅವುಗಳೆಲ್ಲ ಹೊತ್ತ ಪಾಲುಗಳ ಮೊತ್ತ. ಕೆಲವು ಅಯಾನುಗಳು ಚುರುಕು, ಕೆಲವು ನಿಧಾನ. ನೀರಿನಲ್ಲಿ ಹೈಡ್ರಾಕ್ಸೈಡ್ ಅಯಾನು ಬೈಕಾರ್ಬೊನೇಟ್ ಅಯಾನಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವಿದ್ಯುತ್ತನ್ನು ಸಾಗಿಸುತ್ತದೆ. ಬೆಳ್ಳಿ ನೀರಿನ ಒಗಟಿಗೆ ಇದೇ ಕೀಲಿಕೈ.

ದ್ರಾವಣದಲ್ಲಿ ಅಯಾನುಗಳು ಮೊದಲಿನಿಂದಲೂ ಬಿಡಿಬಿಡಿಯಾಗಿಯೇ ಇರುತ್ತವೆ ಎಂಬ ವಿಚಾರವನ್ನು ಬೆಳೆಸಿದವನು ಸ್ವೀಡನ್ನಿನ ಅರ‍್ಹೇನಿಯಸ್. 1884ರ ಅವನ ಪ್ರಬಂಧಕ್ಕೆ ವಿಶ್ವವಿದ್ಯಾಲಯ ಕೆಳದರ್ಜೆಯ ಅಂಕ ಕೊಟ್ಟಿತು. 1903ರಲ್ಲಿ ಆ ವಿಚಾರಕ್ಕೇ ನೊಬೆಲ್ ಬಂತು. ಈ ಸಾಲಿನಲ್ಲಿ ಕರ್ನಾಟಕಕ್ಕೆ ಪರಿಚಿತವಾದ ಹೆಸರೂ ಒಂದಿದೆ. ಪ್ರಬಲ ಲವಣಗಳ ದ್ರಾವಣಗಳು ವಿದ್ಯುತ್ತನ್ನು ಸಾಗಿಸುವ ಬಗೆಯ ಬಗ್ಗೆ 1918ರಲ್ಲಿ ಸಿದ್ಧಾಂತ ಮಂಡಿಸಿ ಯೂರೋಪಿನ ಗಮನ ಸೆಳೆದ ಜ್ಞಾನಚಂದ್ರ ಘೋಷ್ 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಅವರ ಸಿದ್ಧಾಂತದ ಜಾಗಕ್ಕೆ 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಇನ್ನೂ ಸಮರ್ಪಕವಾದ ಸಿದ್ಧಾಂತವನ್ನು ತಂದರು.

ಕೋಲ್‌ರಾಷ್ ನೀರನ್ನೂ ಬಿಡಲಿಲ್ಲ. ಹೈಡ್‌ವೈಲರ್ ಎಂಬ ಸಹೋದ್ಯೋಗಿಯೊಡನೆ ನೀರನ್ನು ಮತ್ತೆ ಮತ್ತೆ ಶುದ್ಧಗೊಳಿಸಿ, ಗಾಳಿ ಸೋಕದಂತೆ ಕಾಪಾಡಿ 1894ರಲ್ಲಿ ಅಳೆದ. ಇಂದಿನ ಮಾನದಲ್ಲಿ ಹೇಳುವುದಾದರೆ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಮೀಟರಿಗೆ 0.043 ಮೈಕ್ರೋಸೀಮೆನ್ಸ್ ವಾಹಕತೆ ಸಿಕ್ಕಿತು. ಇಂದು 25 ಡಿಗ್ರಿಯಲ್ಲಿ ಒಪ್ಪಿಕೊಂಡಿರುವ ಅಂಕಿ 0.055. ಅಂಥ ನೀರನ್ನು ಬಟ್ಟಲಿಗೆ ಸುರಿದು ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ, ವಾಹಕತೆ ಬೇಗನೆ 1 ಮೈಕ್ರೋಸೀಮೆನ್ಸ್ ಆಸುಪಾಸಿಗೆ ಏರುತ್ತದೆ. ಬೆಳ್ಳಿ ಹಾಕುವ ಮೊದಲೇ ಮೀಟರು ಸೊನ್ನೆ ತೋರಿಸದಿದ್ದುದು ಈ ಕಾರಣಕ್ಕೆ. ಅದು ಅಳೆದದ್ದು ಕೋಣೆಯ ಗಾಳಿಯನ್ನು.

ಬೆಳ್ಳಿಯೇ ಅಳತೆಗೋಲಾದಾಗ

ಇದೇ ಕಾಲಕ್ಕೆ ಬೆಳ್ಳಿಗೆ ಇನ್ನೊಂದು ಗೌರವದ ಸ್ಥಾನ ದೊರೆಯಿತು. ಎಷ್ಟು ವಿದ್ಯುತ್ ಹರಿದರೆ ಎಷ್ಟು ಲೋಹ ಕದಲುತ್ತದೆ ಎಂಬುದಕ್ಕೆ ಕರಾರುವಾಕ್ಕಾದ ಲೆಕ್ಕವಿದೆ ಎಂದು ಫ್ಯಾರಡೆ 1834ರಷ್ಟು ಹಿಂದೆಯೇ ತೋರಿಸಿದ್ದ. ಇದನ್ನು ತಿರುಗಿಸಿದರೆ, ಕದಲಿದ ಲೋಹವನ್ನು ತೂಗಿ ಹರಿದ ವಿದ್ಯುತ್ತನ್ನು ಹೇಳಬಹುದು. ಅದಕ್ಕೆ ಬೆಳ್ಳಿಯಷ್ಟು ವಿಧೇಯವಾದ ಲೋಹ ಇನ್ನೊಂದಿರಲಿಲ್ಲ. ಇಂಗ್ಲೆಂಡಿನಲ್ಲಿ ಲಾರ್ಡ್ ರೇಲೇ ಮತ್ತು ಎಲಿನೋರ್ ಸಿಜ್ವಿಕ್, ಜರ್ಮನಿಯಲ್ಲಿ ಕೋಲ್‌ರಾಷ್ ಮತ್ತು ಅವನ ತಮ್ಮ ವಿಲ್ಹೆಲ್ಮ್ 1880ರ ದಶಕದಲ್ಲಿ ಈ ಅಂಕಿಯನ್ನು ಅಳೆದರು.

1893ರಲ್ಲಿ ಷಿಕಾಗೊದಲ್ಲಿ ಸೇರಿದ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಆಂಪಿಯರ್ ಎಂಬ ಮಾನವನ್ನು ಬೆಳ್ಳಿಯ ಆಧಾರದ ಮೇಲೆಯೇ ನಿಗದಿ ಮಾಡಿತು. ಸೆಕೆಂಡಿಗೆ 0.001118 ಗ್ರಾಂ ಬೆಳ್ಳಿಯನ್ನು ದ್ರಾವಣದಿಂದ ಬೇರ್ಪಡಿಸುವ ವಿದ್ಯುತ್ ಪ್ರವಾಹವೇ ಒಂದು ಆಂಪಿಯರ್. 1948ರಲ್ಲಿ ಹೊಸ ವ್ಯಾಖ್ಯೆ ಬರುವವರೆಗೂ ಜಗತ್ತಿನ ವಿದ್ಯುತ್ ಲೆಕ್ಕಕ್ಕೆ ಬೆಳ್ಳಿಯೇ ಸಾಕ್ಷಿ.

ಅಂದಿನ ಪ್ರಯೋಗಶಾಲೆಗಳಲ್ಲಿ ಒಂದು ಎಚ್ಚರಿಕೆ ವಹಿಸುತ್ತಿದ್ದರು. ಧನಾಗ್ರದ ಬೆಳ್ಳಿಗೆ ಸೋಸುಕಾಗದ ಸುತ್ತುತ್ತಿದ್ದರು. ಬೆಳ್ಳಿ ಕರಗುವಾಗ ಎಲ್ಲವೂ ಅಯಾನಾಗಿ ಹೋಗುವುದಿಲ್ಲ. ಪುಡಿಪುಡಿಯಾಗಿ ಉದುರುವುದೂ ಉಂಟು. ಆ ಪುಡಿ ತೂಕದಲ್ಲಿ ಸೇರಿಕೊಂಡರೆ ಲೆಕ್ಕ ತಪ್ಪುತ್ತದೆ. ಒಂದು ಶತಮಾನದ ನಂತರ ಮನೆಗಳಲ್ಲಿ ಬೆಳ್ಳಿ ನೀರು ತಯಾರಿಸಿದವರ ಲೋಟ ವಾಸ್ತವವಾಗಿ ಇದೇ ಉಪಕರಣದ ತಮ್ಮ. ಕಾಗದ ಮಾತ್ರ ಇರಲಿಲ್ಲ.

ಔಷಧಿ ಅಂಗಡಿಯ ಬೆಳ್ಳಿ

ಬೆಳ್ಳಿ ಮದ್ದು ಎಂಬುದು ಬರಿಯ ಮೂಢನಂಬಿಕೆಯಲ್ಲ. ಜರ್ಮನಿಯ ಲೈಪ್ಸಿಗ್‌ನಲ್ಲಿ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದ ಕಾರ್ಲ್ ಕ್ರೆಡೆ ಎಂಬ ವೈದ್ಯ 1880ರ ಸುಮಾರಿಗೆ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಒಂದೊಂದು ಹನಿ ಹಾಕಲು ಆರಂಭಿಸಿದ. ತಾಯಿಯಿಂದ ತಗಲುವ ಸೋಂಕಿನಿಂದ ಆ ಆಸ್ಪತ್ರೆಯಲ್ಲಿ ನೂರಕ್ಕೆ ಸುಮಾರು ಹತ್ತು ಶಿಶುಗಳಿಗೆ ಬರುತ್ತಿದ್ದ ಕಣ್ಣಿನ ರೋಗ ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. ಎಷ್ಟೋ ಮಕ್ಕಳ ದೃಷ್ಟಿ ಉಳಿಯಿತು. ಅವನ ಮಗ, ಶಸ್ತ್ರವೈದ್ಯ ಬೆನ್ನೊ ಕ್ರೆಡೆ, 1897ರಲ್ಲಿ ಕಲಿಲ ಬೆಳ್ಳಿಯನ್ನು ಚಿಕಿತ್ಸೆಗೆ ತಂದ. 'ಕೊಲಾರ್ಗಾಲ್' ಎಂಬುದು ಅದರ ಹೆಸರು.

ಅಮೆರಿಕದಲ್ಲಿ ಆಲ್ಬರ್ಟ್ ಬಾರ್ನ್ಸ್ ಮತ್ತು ಹರ್ಮನ್ ಹಿಲ್ಲೆ 1902ರಲ್ಲಿ ಮಾರುಕಟ್ಟೆಗೆ ತಂದ 'ಆರ್ಜಿರಾಲ್' ಬೆಳ್ಳಿ ಮತ್ತು ಪ್ರೋಟೀನುಗಳ ಸಂಯುಕ್ತ. ಅದರ ಮಾರಾಟದಿಂದ ಬಾರ್ನ್ಸ್ ಕೋಟ್ಯಧೀಶನಾದ. ಆ ಹಣದಲ್ಲಿ ರೆನ್ವಾ, ಸೆಜಾನ್, ಮ್ಯಾಟಿಸ್‌ರ ಚಿತ್ರಗಳನ್ನು ಕೊಂಡು 1922ರಲ್ಲಿ ಸ್ಥಾಪಿಸಿದ ಬಾರ್ನ್ಸ್ ಫೌಂಡೇಷನ್ ಇಂದು ಜಗತ್ಪ್ರಸಿದ್ಧ. ಷೇರುಪೇಟೆ ಕುಸಿಯುವ ಕೆಲವೇ ತಿಂಗಳ ಮುನ್ನ, 1929ರಲ್ಲಿ, ಅವನು ಕಂಪನಿಯನ್ನು ಮಾರಿ ಕೈ ತೊಳೆದುಕೊಂಡ.

ಬೆಳ್ಳಿ ಔಷಧಿಗಳಿಗೆ ಒಂದು ಕಪ್ಪು ಮಗ್ಗುಲೂ ಇತ್ತು. ವರ್ಷಗಟ್ಟಲೆ ಸೇವಿಸಿದವರ ಚರ್ಮ ಬೂದಿಮಿಶ್ರಿತ ನೀಲಿಗೆ ತಿರುಗುತ್ತಿತ್ತು. ವೈದ್ಯರು ಇದನ್ನು 'ಆರ್ಜಿರಿಯ' ಎಂದು ಕರೆದರು. ಅಂಥ ಪ್ರಕರಣಗಳನ್ನೆಲ್ಲ ಕಲೆಹಾಕಿ ಹಿಲ್ ಮತ್ತು ಪಿಲ್ಸ್‌ಬರಿ ಎಂಬ ಇಬ್ಬರು ಅಮೆರಿಕನ್ ವೈದ್ಯರು 1939ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಕುಡಿಯುವ ಬೆಳ್ಳಿಗೆ ಬೆಲೆಯಿಲ್ಲದಾಯಿತು. ಸುಟ್ಟಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮಿನಂಥ ಹೊರಬಳಕೆಯ ಔಷಧಿಗಳಲ್ಲಿ ಮಾತ್ರ ಬೆಳ್ಳಿ ತನ್ನ ಜಾಗ ಉಳಿಸಿಕೊಂಡಿತು.

ಮೂರು ಬ್ಯಾಟರಿ, ಎರಡು ತಂತಿ

ಮರೆತುಹೋಗಿದ್ದ ಬೆಳ್ಳಿ 1990ರ ದಶಕದಲ್ಲಿ ಹಿಂಬಾಗಿಲಿನಿಂದ ಮತ್ತೆ ಬಂತು. ಈ ಬಾರಿ ವೈದ್ಯರ ಚೀಟಿಯಿಲ್ಲ, ಔಷಧಿ ಅಂಗಡಿಯೂ ಬೇಡ. ಒಂಬತ್ತು ವೋಲ್ಟಿನ ಮೂರು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 27 ವೋಲ್ಟು. ಶುದ್ಧ ನೀರು ವಿದ್ಯುತ್ತನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ ಆರಂಭದಲ್ಲಿ ಹರಿಯುವ ಪ್ರವಾಹ ತೀರ ಕಡಿಮೆ. ಸ್ವಲ್ಪ ಬೆಳ್ಳಿ ಕರಗಿದ ಕೂಡಲೇ ನೀರಿನ ವಾಹಕತೆ ಏರುತ್ತದೆ. ಅದರಿಂದ ಪ್ರವಾಹ ಹೆಚ್ಚುತ್ತದೆ, ಇನ್ನಷ್ಟು ಬೆಳ್ಳಿ ಕರಗುತ್ತದೆ. ತಡೆಯುವ ಏರ್ಪಾಡಿಲ್ಲದಿದ್ದರೆ ಇದು ನಾಗಾಲೋಟಕ್ಕೆ ತಿರುಗುತ್ತದೆ.

ಇಲ್ಲಿ ಷಿಕಾಗೊ ಸಮ್ಮೇಳನದ ಅಂಕಿಯೇ ಲೆಕ್ಕಕ್ಕೆ ಒದಗಿಬರುತ್ತದೆ. ಒಂದು ಮಿಲಿಆಂಪಿಯರ್ ಪ್ರವಾಹ ಒಂದು ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ತಂತಿಯನ್ನು ಬಿಡುತ್ತದೆ. ಕಾಲು ಲೀಟರ್ ನೀರಿನಲ್ಲಿ ಅದು ಲೀಟರಿಗೆ 16 ಮಿಲಿಗ್ರಾಂ, ಅಂದರೆ 16 ಪಿಪಿಎಂ ಆಗಬೇಕು. ಆದರೆ ಬಿಟ್ಟ ಬೆಳ್ಳಿಯೆಲ್ಲ ನೀರಿನಲ್ಲೇ ಉಳಿಯುತ್ತದೆಂದು ಹೇಳುವಂತಿಲ್ಲ. ಒಂದು ಪಾಲು ಎದುರಿನ ತಂತಿಯ ಮೇಲೆ ಕಪ್ಪು ಪಾಚಿಯಂತೆ ಬೆಳೆಯುತ್ತದೆ, ಒಂದು ಪಾಲು ತಳಕ್ಕೆ ಇಳಿಯುತ್ತದೆ. ಹೀಗಾಗಿ ಉಳಿದದ್ದೆಷ್ಟು ಎಂದು ತಿಳಿಯಲು ಎಲ್ಲರೂ ಅಗ್ಗದ ಮೀಟರಿನ ಮೊರೆಹೋದರು.

ಅಂಕಿ ಏಕೆ ಏರಿತು, ಏಕೆ ಇಳಿಯಿತು

ಮೀಟರಿನ ತುದಿಯಲ್ಲಿರುವುದು ಎರಡು ಪುಟ್ಟ ಲೋಹದ ಕಡ್ಡಿಗಳು. ಅವುಗಳ ನಡುವೆ ಎಷ್ಟು ಸಲೀಸಾಗಿ ವಿದ್ಯುತ್ ಹಾಯುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಟಿಡಿಎಸ್ ಮೀಟರು ಆ ವಾಹಕತೆಯನ್ನು ಒಂದು ಗುಣಕದಿಂದ, ಸಾಮಾನ್ಯವಾಗಿ 0.5ರಿಂದ 0.7ರ ನಡುವಿನ ಸಂಖ್ಯೆಯಿಂದ, ಗುಣಿಸಿ 'ಪಿಪಿಎಂ' ಎಂದು ತೋರಿಸುತ್ತದೆ. ಈ ಗುಣಕ ನೀರಿನಲ್ಲಿ ಸಾಮಾನ್ಯವಾಗಿ ಇರುವ ಲವಣಗಳಿಗೆ ಹೊಂದಿಸಿದ್ದು. ಬೆಳ್ಳಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ಕೋಲ್‌ರಾಷ್‌ನ ನಿಯಮವನ್ನು ಅನ್ವಯಿಸಿ ನೋಡಬಹುದು. ಲೀಟರಿಗೆ 10 ಮಿಲಿಗ್ರಾಂ ಬೆಳ್ಳಿ ಅಯಾನಾಗಿ ಕರಗಿದೆ ಎಂದುಕೊಳ್ಳೋಣ. ವಿದ್ಯುದ್ವಿಭಜನೆಯಲ್ಲಿ ಎದುರಿನ ತಂತಿಯ ಬಳಿ ಹುಟ್ಟುವ ಹೈಡ್ರಾಕ್ಸೈಡ್ ಅಯಾನು ಅದಕ್ಕೆ ಜೋಡಿ. ಈ ಜೋಡಿಯ ವಾಹಕತೆ 25 ಡಿಗ್ರಿಯಲ್ಲಿ ಸುಮಾರು 24 ಮೈಕ್ರೋಸೀಮೆನ್ಸ್. ಲೋಟವನ್ನು ರಾತ್ರಿಯಿಡೀ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿ, ಚುರುಕಾದ ಹೈಡ್ರಾಕ್ಸೈಡ್ ಬದಲಿಗೆ ನಿಧಾನಗತಿಯ ಬೈಕಾರ್ಬೊನೇಟ್ ಬರುತ್ತದೆ. ಆಗ ಅದೇ 10 ಮಿಲಿಗ್ರಾಂ ಬೆಳ್ಳಿಗೆ ವಾಹಕತೆ ಸುಮಾರು 10 ಮೈಕ್ರೋಸೀಮೆನ್ಸ್. ಬೆಳ್ಳಿ ಒಂದು ಚೂರೂ ಕಡಿಮೆಯಾಗದೆ ಅಂಕಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. 0.5ರ ಗುಣಕದ ಟಿಡಿಎಸ್ ಮೀಟರು ಸಂಜೆ 12 ಪಿಪಿಎಂ ಎಂದು ಹೇಳಿದ್ದನ್ನು ಮರುದಿನ 5 ಎಂದು ಹೇಳುತ್ತದೆ. ಅದನ್ನು ನಂಬಿದವನು ಬೆಳ್ಳಿ ಸಾಲದು ಎಂದುಕೊಂಡು ಮತ್ತೊಮ್ಮೆ ಬ್ಯಾಟರಿ ಜೋಡಿಸಿದರೆ ಆಶ್ಚರ್ಯವಿಲ್ಲ.

ಅಂಕಿ ಒಂದು ಮಟ್ಟದಲ್ಲಿ ನಿಂತುಬಿಡುವುದಕ್ಕೆ ಬೇರೆ ಕಾರಣವಿದೆ. ಬೆಳ್ಳಿ ಮತ್ತು ಹೈಡ್ರಾಕ್ಸೈಡ್ ಸೇರಿ ಆಗುವ ಕಂದುಬಣ್ಣದ ಸಿಲ್ವರ್ ಆಕ್ಸೈಡ್ ನೀರಿನಲ್ಲಿ ಕರಗುವುದು ಅಲ್ಪ, ಲೀಟರಿಗೆ 20 ಮಿಲಿಗ್ರಾಂ ಆಸುಪಾಸು. ಆ ಮಿತಿ ತಲುಪಿದ ಮೇಲೆ ತಂತಿಯಿಂದ ಬಿಡುವ ಬೆಳ್ಳಿ ಆಕ್ಸೈಡ್ ಕಣಗಳಾಗಿಯೋ ಲೋಹದ ಕಣಗಳಾಗಿಯೋ ಸೇರುತ್ತಾ ಹೋಗುತ್ತದೆ. ಲೋಟದಲ್ಲಿ ಬೆಳ್ಳಿ ಹೆಚ್ಚುತ್ತಿದ್ದರೂ ಮೀಟರಿಗೆ ಅದರ ಅರಿವಿಲ್ಲ.

ಕಣಗಳು ಮೀಟರಿಗೆ ಕಾಣದಿರುವುದು ಹೇಗೆ? ಹತ್ತು ನ್ಯಾನೊಮೀಟರ್ ಅಡ್ಡಗಲದ ಒಂದು ಬೆಳ್ಳಿಕಣದಲ್ಲಿ ಸುಮಾರು 30 ಸಾವಿರ ಪರಮಾಣುಗಳಿರುತ್ತವೆ. ಅವು ಬಿಡಿ ಅಯಾನುಗಳಾಗಿದ್ದರೆ ಒಂದೊಂದೂ ತನ್ನ ಪಾಲಿನ ವಿದ್ಯುತ್ತನ್ನು ಹೊರುತ್ತಿತ್ತು. ಕಣವಾಗಿ ಗಂಟುಕಟ್ಟಿದ ಮೇಲೆ ಮೇಲ್ಮೈಯಲ್ಲಿರುವ ಅತ್ಯಲ್ಪ ಆವೇಶ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೂವತ್ತು ಸಾವಿರ ಜನ ಒಂದೇ ರೈಲಿನಲ್ಲಿ ಕೂತು, ಟಿಕೆಟ್ ಮಾತ್ರ ನಾಲ್ಕಾರು ಜನರ ಹೆಸರಿನಲ್ಲಿ ಇದ್ದಂತೆ. ನಿಜವಾದ ಕಲಿಲದ ಗುರುತು ಬಣ್ಣ ಮತ್ತು ಬೆಳಕಿನ ಚದರಿಕೆ. ಸೂಕ್ಷ್ಮ ಬೆಳ್ಳಿಕಣಗಳು ನೇರಳೆ, ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ದ್ರವ ಹಳದಿಯಾಗಿ ಕಾಣುತ್ತದೆ. ಇಂಥ ಕಣಗಳ ಬಣ್ಣಕ್ಕೆ ಗಣಿತದ ವಿವರಣೆಯನ್ನು ಗುಸ್ಟಾವ್ ಮೀ 1908ರಲ್ಲೇ ಕೊಟ್ಟಿದ್ದ.

ಉಪ್ಪಿನ ಕಥೆಯೂ ಇದೇ ದಾರಿಯದು. ನೀರಿನಲ್ಲಿ ವಿದ್ಯುತ್ ಬೇಗ ಹರಿಯಲಿ ಎಂದು ಕೆಲವರು ಉಪ್ಪು ಸೇರಿಸಿದರು. ಲೀಟರಿಗೆ ಹತ್ತು ಮಿಲಿಗ್ರಾಂ ಉಪ್ಪು, ಅಂದರೆ ಚಿಟಿಕೆಗಿಂತ ಎಷ್ಟೋ ಕಡಿಮೆ, ವಾಹಕತೆಯನ್ನು ಸುಮಾರು 21 ಮೈಕ್ರೋಸೀಮೆನ್ಸ್ ಏರಿಸುತ್ತದೆ. ಅದೇ ಉಪ್ಪಿನ ಕ್ಲೋರೈಡ್ ಬೆಳ್ಳಿಯೊಡನೆ ಕೂಡಿ ಬಿಳಿಯ ಸಿಲ್ವರ್ ಕ್ಲೋರೈಡ್ ಆಗಿ ಹೆಪ್ಪುಗಟ್ಟುತ್ತದೆ. ಮೀಟರು ತೋರಿಸಿದ ದೊಡ್ಡ ಅಂಕಿ ಅಡುಗೆ ಉಪ್ಪಿನದು. ಲೋಟದ ಬಿಳಿ ಮೋಡ ಕಲಿಲ ಬೆಳ್ಳಿಯೂ ಅಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಚರ್ಮದ ಮೇಲೆ ಉಳಿದ ಲೆಕ್ಕ

ಇದು ಪ್ರಯೋಗಶಾಲೆಯ ಜಿಜ್ಞಾಸೆಯಷ್ಟೇ ಆಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಜನ ಈ ಅಂಕಿಯನ್ನು ನೋಡಿ ಪ್ರಮಾಣ ನಿರ್ಧರಿಸಿ ಕುಡಿಯುತ್ತಿದ್ದರು. ಆರ್ಜಿರಿಯ ಬಾರದಂತೆ ಜೀವನಪರ್ಯಂತ ದಿನವೂ ದೇಹಕ್ಕೆ ಸೇರಬಹುದಾದ ಬೆಳ್ಳಿಯ ಮಿತಿಯನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ದೇಹತೂಕದ ಕಿಲೊಗ್ರಾಂಗೆ 0.005 ಮಿಲಿಗ್ರಾಂ ಎಂದು ನಿಗದಿ ಮಾಡಿದೆ. 60 ಕಿಲೊ ತೂಕದವರಿಗೆ ಇದು 0.3 ಮಿಲಿಗ್ರಾಂ. ಲೀಟರಿಗೆ 10 ಮಿಲಿಗ್ರಾಂ ಬೆಳ್ಳಿಯಿರುವ ನೀರಿನಲ್ಲಿ ಕೇವಲ 30 ಮಿಲಿಲೀಟರ್ ಕುಡಿದರೆ ಮಿತಿ ಮುಟ್ಟಿದಂತೆ. ಅಂಕಿ ಅರ್ಧಕ್ಕಿಂತ ಕಡಿಮೆ ತೋರಿಸಿದಾಗ ಆಗುವ ಅನಾಹುತವನ್ನು ಊಹಿಸಬಹುದು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1999ರಲ್ಲಿ ಒಂದು ನಿಯಮ ಹೊರಡಿಸಿತು. ವೈದ್ಯರ ಚೀಟಿಯಿಲ್ಲದೆ ಮಾರುವ, ಕಲಿಲ ಬೆಳ್ಳಿ ಅಥವಾ ಬೆಳ್ಳಿ ಲವಣಗಳಿರುವ ಯಾವ ಔಷಧಿಯನ್ನೂ ಸುರಕ್ಷಿತ, ಪರಿಣಾಮಕಾರಿ ಎಂದು ಒಪ್ಪಲಾಗದು ಎಂಬುದು ಅದರ ಸಾರ. ಅದೇ 1999ರಲ್ಲಿ ಮೊಂಟಾನಾ ರಾಜ್ಯದ ಸ್ಟ್ಯಾನ್ ಜೋನ್ಸ್ ಮನೆಯಲ್ಲೇ ಬೆಳ್ಳಿ ನೀರು ತಯಾರಿಸಿ ಕುಡಿಯತೊಡಗಿದ್ದ. 2000ನೇ ಇಸವಿ ಹುಟ್ಟುವ ಕ್ಷಣದಲ್ಲಿ ಕಂಪ್ಯೂಟರುಗಳು ಕೈಕೊಟ್ಟು ಆ್ಯಂಟಿಬಯಾಟಿಕ್‌ಗಳು ಸಿಗದಂತಾಗಬಹುದು ಎಂಬ ಭಯ ಅವನದು. 2002ರಲ್ಲಿ ಲಿಬರ್ಟೇರಿಯನ್ ಪಕ್ಷದಿಂದ ಸೆನೆಟ್ ಚುನಾವಣೆಗೆ ನಿಂತಾಗ ಅವನ ಮುಖ ನೀಲಿಬೂದು ಬಣ್ಣಕ್ಕೆ ತಿರುಗಿದ್ದುದು ಜಗತ್ತಿನ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು.

ಕಣ ಒಳ್ಳೆಯದು, ಅಯಾನು ಕೆಟ್ಟದ್ದು, ಅಥವಾ ಅದರ ತಿರುವುಮುರುವು ಎಂಬ ವಾದಗಳೂ ಮಾರಾಟಗಾರರ ನಡುವೆ ನಡೆದವು. ದೇಹದೊಳಗೆ ಈ ಭೇದ ಹೆಚ್ಚು ಹೊತ್ತು ಉಳಿಯುವುದಿಲ್ಲ. ಜಠರದ ಆಮ್ಲದಲ್ಲಿ ಬೆಳ್ಳಿಕಣಗಳೂ ಅಯಾನುಗಳನ್ನು ಬಿಡುತ್ತವೆ. ಅವು ಪ್ರೋಟೀನುಗಳಿಗೆ ಅಂಟಿಕೊಂಡು ರಕ್ತದ ಮೂಲಕ ಚರ್ಮಕ್ಕೆ ಬರುತ್ತವೆ. ಅಲ್ಲಿ ಬೆಳಕು ಬಿದ್ದು ಮತ್ತೆ ಲೋಹದ ಕಣಗಳಾಗುತ್ತವೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ವಿವರಿಸಿದರು. ಹಳೆಯ ಕಪ್ಪುಬಿಳುಪು ಫೋಟೊಗ್ರಫಿಯಲ್ಲಿ ಚಿತ್ರ ಮೂಡುತ್ತಿದ್ದುದೂ ಬೆಳಕು ಮತ್ತು ಬೆಳ್ಳಿಯ ಇಂಥದೇ ವ್ಯವಹಾರದಿಂದ. ಒಮ್ಮೆ ಬಂದ ಈ ಬಣ್ಣ ಸಾಮಾನ್ಯವಾಗಿ ಶಾಶ್ವತ. ಇಷ್ಟಾದರೂ ವ್ಯಾಪಾರ ನಿಂತಿಲ್ಲ. ಕೋವಿಡ್‌ಗೆ ಮದ್ದೆಂದು ಬೆಳ್ಳಿ ನೀರು ಮುಂತಾದವನ್ನು ಮಾರುತ್ತಿದ್ದ ಕಂಪನಿಗಳಿಗೆ ಅಮೆರಿಕ ಸರ್ಕಾರ 2020ರ ಮಾರ್ಚ್‌ನಲ್ಲಿ ಎಚ್ಚರಿಕೆ ಪತ್ರ ಬರೆಯಬೇಕಾಯಿತು.

ಮೀಟರಿಗೆ ಕೇಳಬೇಕಾದ ಪ್ರಶ್ನೆ

ನೀರಿನಲ್ಲಿರುವ ಬೆಳ್ಳಿಯನ್ನು ನಿಜಕ್ಕೂ ಅಳೆಯಬೇಕಾದರೆ ದಾರಿಯಿದೆ. ಪ್ರತಿಯೊಂದು ಧಾತುವೂ ತನಗೇ ವಿಶಿಷ್ಟವಾದ ಬೆಳಕನ್ನು ಹೀರಿಕೊಳ್ಳುತ್ತದೆ. ಇದನ್ನು ಆಧರಿಸಿದ ಪರಮಾಣು ಹೀರಿಕೆ ವಿಧಾನವನ್ನು ಆಸ್ಟ್ರೇಲಿಯಾದ ಆಲನ್ ವಾಲ್ಷ್ 1955ರಲ್ಲಿ ಮುಂದಿಟ್ಟ. ಈ ಉಪಕರಣಕ್ಕೆ ಬೆಳ್ಳಿ ಮತ್ತು ಉಪ್ಪಿನ ನಡುವೆ ಗೊಂದಲವಿಲ್ಲ. ಕಣವೋ ಅಯಾನೋ ಎಂಬುದು ಮುಖ್ಯವಲ್ಲ, ಒಟ್ಟು ಬೆಳ್ಳಿ ಸಿಗುತ್ತದೆ. ಅದರ ಜೊತೆಗೆ ಗ್ರಹಾಂನ ಪೊರೆಯ ಇಂದಿನ ರೂಪವನ್ನು ಬಳಸಿದರೆ ಕಣವೆಷ್ಟು, ಅಯಾನು ಎಷ್ಟು ಎಂದೂ ತಿಳಿಯುತ್ತದೆ. ವಾಹಕತೆಯ ಮೀಟರಿನಿಂದ ಇದು ಸಾಧ್ಯವಿಲ್ಲ. ಕುಡಿಯುವ ನೀರಿನಲ್ಲಿ ಬೆಳ್ಳಿ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಎಂಬುದು ಅಮೆರಿಕದ ಸಲಹೆ. ಅಷ್ಟು ಬೆಳ್ಳಿ ನೀರಿನ ವಾಹಕತೆಯಲ್ಲಿ ಉಂಟುಮಾಡುವ ವ್ಯತ್ಯಾಸ, ಕೋಣೆಯ ಗಾಳಿ ಉಂಟುಮಾಡುವ ವ್ಯತ್ಯಾಸಕ್ಕಿಂತಲೂ ಕಡಿಮೆ.

ಬೆಳ್ಳಿ ನೀರು ನಮ್ಮಲ್ಲಿ ಅಷ್ಟಾಗಿ ಹಬ್ಬಿಲ್ಲ. ಮೀಟರು ಮಾತ್ರ ಹಬ್ಬಿದೆ. ಆರ್‌ಓ ಮಾರುವವರ ಕೈಯಲ್ಲಿ, ಮನೆಮನೆಯ ಅಡುಗೆಕಟ್ಟೆಯ ಮೇಲೆ ಟಿಡಿಎಸ್ ಅಂಕಿಯೇ ನೀರಿನ ಗುಣಕ್ಕೆ ಪ್ರಮಾಣಪತ್ರ ಎಂಬಂತಾಗಿದೆ. ಕೋಲಾರ, ಪಾವಗಡದಂಥ ಕಡೆಗಳಲ್ಲಿ ಕೊಳವೆಬಾವಿ ನೀರಿನ ನಿಜವಾದ ಕಾಟ ಫ್ಲೋರೈಡ್. ಭಾರತೀಯ ಮಾನಕ ಬ್ಯೂರೊ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಈ ಮಿತಿಯನ್ನು ದಾಟುವ ಫ್ಲೋರೈಡ್ ಮೀಟರಿನ ಅಂಕಿಗೆ ಸೇರಿಸುವುದು ನಾಲ್ಕಾರು ಘಟಕ ಮಾತ್ರ. ನೂರಾರು ಅಂಕಿ ತೋರಿಸುವ ಗಡಸು ನೀರಿನಲ್ಲಿ ಅದು ಎಲ್ಲಿ ಅಡಗಿತೆಂದು ತಿಳಿಯುವುದೇ ಇಲ್ಲ. ಅಂಕಿ ಇನ್ನೂರಿದ್ದು ಫ್ಲೋರೈಡ್ ಇರುವ ನೀರೂ ಉಂಟು, ಅಂಕಿ ಆರುನೂರಿದ್ದು ಫ್ಲೋರೈಡ್ ಸೋಂಕಿಲ್ಲದ ನೀರೂ ಉಂಟು. ಎರಡರಲ್ಲಿ ಯಾವುದನ್ನು ಮಕ್ಕಳಿಗೆ ಕುಡಿಸಬೇಕು ಎಂದು ತಿಳಿಯಬೇಕಾದರೆ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಫ್ಲೋರೈಡಿಗಾಗಿಯೇ ಪರೀಕ್ಷೆ ಮಾಡಿಸಬೇಕು.